ವಾದ ಎಲ್ಲಿ ಮುಗಿಯುತ್ತದೆ, ಸಾಧನೆ ಎಲ್ಲಿ ಶುರುವಾಗುತ್ತದೆ

ಎರಡು ಬೆಸ ಸಂಖ್ಯೆಗಳನ್ನು ಕೂಡಿಸಿದರೆ ಯಾವಾಗಲೂ ಸಮ ಸಂಖ್ಯೆಯೇ ಏಕೆ ಬರುತ್ತದೆ ಎಂಬ ಪ್ರಶ್ನೆಗೆ ಮೂರು ಬಗೆಯ ಉತ್ತರ ಕೊಡಬಹುದು. 3 ಮತ್ತು 5 ಕೂಡಿದರೆ 8, 7 ಮತ್ತು 9 ಕೂಡಿದರೆ 16, 11 ಮತ್ತು 13 ಕೂಡಿದರೆ 24, ಹಾಗಾಗಿ ಎಲ್ಲ ಕಡೆಯೂ ಹೀಗೆಯೇ ಎಂಬುದು ಒಂದು. ಬೆಸ ಸಂಖ್ಯೆಯಷ್ಟು ಕಾಳುಗಳನ್ನು ಜೋಡಿ ಜೋಡಿಯಾಗಿ ಇಡುತ್ತ ಹೋದರೆ ಕೊನೆಗೆ ಒಂದು ಒಂಟಿಯಾಗಿ ಉಳಿಯುತ್ತದೆ, ಇನ್ನೊಂದು ಗುಂಪಿನಲ್ಲೂ ಹಾಗೆಯೇ ಒಂದು ಉಳಿಯುತ್ತದೆ, ಎರಡು ಗುಂಪು ಸೇರಿದಾಗ ಆ ಒಂಟಿ ಕಾಳುಗಳೇ ಜೋಡಿಯಾಗುತ್ತವೆ ಎಂಬುದು ಇನ್ನೊಂದು. ಮೂರನೆಯದು ಬೀಜಗಣಿತದ್ದು: (2ಅ + 1) + (2ಬ + 1) = 2(ಅ + ಬ + 1).

ಮೂರನೆಯದು ಸಾಧನೆ ಎನ್ನಲು ಯಾರದೂ ಅಡ್ಡಿಯಿಲ್ಲ. ಮೊದಲನೆಯದು ಸಾಧನೆಯಲ್ಲ ಎಂಬುದಕ್ಕೂ ತಕರಾರಿಲ್ಲ. ತೊಡಕಿರುವುದು ಎರಡನೆಯದರಲ್ಲಿ. ಅಲ್ಲಿ ಅಕ್ಷರವಿಲ್ಲ, ಸೂತ್ರವಿಲ್ಲ. ಆದರೆ ಆ ಮಾತು ಯಾವ ಎರಡು ಬೆಸ ಸಂಖ್ಯೆಗಳಿಗೂ ಸಲ್ಲುತ್ತದೆ, ಜೊತೆಗೆ ಹೀಗಾಗುವುದರ ಕಾರಣವನ್ನೂ ಕಣ್ಣಿಗೆ ಕಾಣಿಸುತ್ತದೆ. ಅದು ಎದುರಿನವರನ್ನು ಒಪ್ಪಿಸಲು ಹೂಡಿದ ವಾದವೋ, ಗಣಿತದ ಸಾಧನೆಯೋ? ವಾದಕ್ಕೂ ಸಾಧನೆಗೂ ಇರುವ ಈ ನಂಟನ್ನು ಗಣಿತ ಶಿಕ್ಷಣದ ಸಂಶೋಧಕರು, ಅದರಲ್ಲೂ ಫ್ರಾನ್ಸ್ ಮತ್ತು ಇಟಲಿಯವರು, 1980ರ ದಶಕದಿಂದ ಬಿಡದೆ ಚರ್ಚಿಸುತ್ತಿದ್ದಾರೆ. ಎರಡೂ ಬೇರೆಬೇರೆ ಲೋಕದವು ಎನ್ನುವವರಿದ್ದಾರೆ. ಒಂದರ ಹೊಟ್ಟೆಯಲ್ಲೇ ಇನ್ನೊಂದು ಹುಟ್ಟುತ್ತದೆ ಎನ್ನುವವರೂ ಇದ್ದಾರೆ.

ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಓದಿದವರಿಗೆ ಸಾಧನೆ ಎಂದ ಕೂಡಲೇ ನಾಲ್ಕು ತಲೆಬರಹ ನೆನಪಾಗುತ್ತವೆ: ದತ್ತ, ಸಾಧನೀಯ, ರಚನೆ, ಸಾಧನೆ. ಥೇಲ್ಸ್ ಪ್ರಮೇಯವನ್ನು ನೋಡಿ. ತ್ರಿಭುಜದ ಒಂದು ಬಾಹುವಿಗೆ ಸಮಾಂತರವಾಗಿ ಎಳೆದ ಗೆರೆ ಉಳಿದೆರಡು ಬಾಹುಗಳನ್ನು ಒಂದೇ ಅನುಪಾತದಲ್ಲಿ ವಿಭಾಗಿಸುತ್ತದೆ ಎಂಬುದು ಅದರ ಹೇಳಿಕೆ. ಹೇಳಿಕೆಯಲ್ಲಿ ವಿಸ್ತೀರ್ಣದ ಸುದ್ದಿಯೇ ಇಲ್ಲ. ಆದರೆ ರಚನೆ ಎಂಬಲ್ಲಿಗೆ ಬಂದರೆ ಎರಡು ಹೊಸ ಗೆರೆ ಸೇರಿಸಿ, ಎರಡು ಲಂಬ ಎಳೆಯಿರಿ ಎಂದಿರುತ್ತದೆ. ಅಲ್ಲಿಂದ ಮುಂದೆ ಪುಟ ತುಂಬ ತ್ರಿಭುಜಗಳ ವಿಸ್ತೀರ್ಣ. ಉದ್ದಗಳ ಪ್ರಶ್ನೆಯೊಳಗೆ ವಿಸ್ತೀರ್ಣ ಹೇಗೆ ನುಗ್ಗಿತು? ಎತ್ತರ ಒಂದೇ ಆದ ಎರಡು ತ್ರಿಭುಜಗಳ ವಿಸ್ತೀರ್ಣಗಳ ಅನುಪಾತ ಅವುಗಳ ಪಾದಗಳ ಅನುಪಾತವೇ ಆಗಿರುತ್ತದೆ. ಆದ್ದರಿಂದ ಉದ್ದದ ಲೆಕ್ಕವನ್ನು ವಿಸ್ತೀರ್ಣದ ಲೆಕ್ಕವಾಗಿ ಬದಲಿಸಿಕೊಳ್ಳಬಹುದು. ಇನ್ನು, ಒಂದೇ ಪಾದದ ಮೇಲೆ ಎರಡು ಸಮಾಂತರ ರೇಖೆಗಳ ನಡುವೆ ನಿಂತ ತ್ರಿಭುಜಗಳ ವಿಸ್ತೀರ್ಣ ಸಮ. ‘ಸಮಾಂತರ’ ಎಂಬ ದತ್ತಾಂಶ ಕೆಲಸಕ್ಕೆ ಬರುವುದು ಅಲ್ಲಿ. ಈ ಎರಡು ಮಾತು ಮೊದಲೇ ಚರ್ಚೆಗೆ ಬಂದಿದ್ದರೆ ಆ ರಚನೆ ಆಕಾಶದಿಂದ ಉದುರಿದಂತೆ ಕಾಣುವುದಿಲ್ಲ. ಬಾರದಿದ್ದರೆ ಉಳಿಯುವುದು ಬಾಯಿಪಾಠ. ಪಠ್ಯಪುಸ್ತಕದ ಸಾಧನೆಗೆ ಜನ್ಮ ಕೊಟ್ಟ ವಾದವೊಂದು ಎಲ್ಲೋ ನಡೆದಿರುತ್ತದೆ. ಅಚ್ಚಾಗುವ ಹೊತ್ತಿಗೆ ಅದರ ಗುರುತೂ ಉಳಿದಿರುವುದಿಲ್ಲ.

ಅಮೆರಿಕದ ಗೆರ್ಶೋನ್ ಹರೆಲ್ ಮತ್ತು ಲ್ಯಾರಿ ಸೌಡರ್ 1998ರಲ್ಲಿ, ವಿದ್ಯಾರ್ಥಿಗಳು ಒಂದು ಹೇಳಿಕೆಯನ್ನು ಯಾವುದರ ಬಲದಿಂದ ನಂಬುತ್ತಾರೆ ಎಂದು ವಿಂಗಡಿಸಿದರು. ಮೇಷ್ಟ್ರು ಅಥವಾ ಪುಸ್ತಕ ಹೇಳಿತು ಎಂಬ ನಂಬಿಕೆ ಒಂದು ಬಗೆ. ಬರೆದದ್ದು ಸಾಧನೆಯ ಹಾಗೆ ಕಾಣುತ್ತದೆ, ಆದ್ದರಿಂದ ಸಾಧನೆ ಎಂಬ ಬಾಹ್ಯರೂಪದ ನಂಬಿಕೆ ಇನ್ನೊಂದು. ಉದಾಹರಣೆಗಳನ್ನು ನೋಡಿ ನಂಬುವುದು ಮತ್ತೊಂದು. ತಾರ್ಕಿಕ ನಿಗಮನದಿಂದ ನಂಬುವುದು ಕೊನೆಗೆ ಬರುತ್ತದೆ. ನಾಲ್ಕು ತಲೆಬರಹಗಳನ್ನು ತಪ್ಪದೆ ಬರೆದು ಅಂಕ ಗಳಿಸುವ ವಿದ್ಯಾರ್ಥಿ ಇವುಗಳಲ್ಲಿ ಎಲ್ಲಿ ನಿಲ್ಲುತ್ತಾನೆ ಎಂಬುದು ಉತ್ತರಪತ್ರಿಕೆಯಿಂದ ಗೊತ್ತಾಗುವಂಥದ್ದಲ್ಲ.

ಉದಾಹರಣೆಗಳನ್ನು ನಂಬಿದರೆ ತಪ್ಪೇನು? ಒಂದು ಸಂಖ್ಯೆಯ ವರ್ಗಕ್ಕೆ ಅದೇ ಸಂಖ್ಯೆಯನ್ನೂ 41ನ್ನೂ ಕೂಡಿಸಿದರೆ ಏನು ಬರುತ್ತದೆ ಎಂದು ಲಿಯೊನಾರ್ಡ್ ಯೂಲರ್ 18ನೆಯ ಶತಮಾನದಲ್ಲೇ ಗಮನಿಸಿದ್ದ. 0ಯಿಂದ 39ರವರೆಗೆ ಸಿಗುವುದೆಲ್ಲ ಅವಿಭಾಜ್ಯ ಸಂಖ್ಯೆಗಳೇ. ಸತತ ನಲವತ್ತು ಬಾರಿ ಸರಿಯಾದ ಮೇಲೆ 40ರಲ್ಲಿ 1681 ಬರುತ್ತದೆ, ಅದು 41ರ ವರ್ಗ. ವೃತ್ತದ ಪರಿಧಿಯ ಮೇಲೆ ಬಿಂದುಗಳನ್ನಿಟ್ಟು, ಮೂರು ಜ್ಯಾಗಳು ಒಂದೇ ಕಡೆ ಸಂಧಿಸದಂತೆ ಎಲ್ಲವನ್ನೂ ಪರಸ್ಪರ ಸೇರಿಸಿದಾಗ ವೃತ್ತ ಎಷ್ಟು ಭಾಗವಾಗುತ್ತದೆ ಎಂದು ಎಣಿಸಿದರೆ 2, 4, 8, 16 ಎಂದು ಸಾಗುತ್ತದೆ. ಆರು ಬಿಂದುಗಳಿಗೆ 32 ಎಂದು ಯಾರಾದರೂ ಹೇಳಿಬಿಡುತ್ತಾರೆ. ಎಣಿಸಿದರೆ 31. ಯೂಲರನೇ ಕೈಸುಟ್ಟುಕೊಂಡ ಪ್ರಸಂಗವೂ ಇದೆ. ನಾಲ್ಕು ಐದನೆಯ ಘಾತಗಳ ಮೊತ್ತ ಇನ್ನೊಂದು ಐದನೆಯ ಘಾತವಾಗಲಾರದು ಎಂಬುದು 1769ರ ಅವನ ಊಹೆಯ ಒಂದು ಭಾಗ. 1966ರಲ್ಲಿ ಲ್ಯಾಂಡರ್ ಮತ್ತು ಪಾರ್ಕಿನ್ ಎಂಬಿಬ್ಬರು ಕಂಪ್ಯೂಟರಿನಲ್ಲಿ ಹುಡುಕಿ 27, 84, 110, 133 ಇವುಗಳ ಐದನೆಯ ಘಾತಗಳನ್ನು ಕೂಡಿಸಿದರೆ 144ರ ಐದನೆಯ ಘಾತ ಬರುತ್ತದೆ ಎಂದು ತೋರಿಸಿದರು. ಸುಮಾರು ಇನ್ನೂರು ವರ್ಷ ನಿಂತಿದ್ದ ಮಾತು ಒಂದು ಸಾಲಿನಲ್ಲಿ ಬಿತ್ತು.

ಉದಾಹರಣೆಯಿಂದ ಸಾಧನೆಯತ್ತ ಮಕ್ಕಳು ಹೇಗೆ ಸರಿಯುತ್ತಾರೆ ಎಂಬುದನ್ನು ಹತ್ತಿರದಿಂದ ನೋಡಿದವರಲ್ಲಿ ಫ್ರಾನ್ಸಿನ ನಿಕೊಲಾ ಬಲಾಶೆಫ್ ಮುಖ್ಯರು. ಹದಿಮೂರು ಹದಿನಾಲ್ಕು ವರ್ಷದ ಮಕ್ಕಳನ್ನು ಇಬ್ಬಿಬ್ಬರಾಗಿ ಕೂರಿಸಿ ಅವರು ಕೊಟ್ಟ ಸಮಸ್ಯೆ ಇದು: ಬಹುಭುಜಾಕೃತಿಯ ಶೃಂಗಗಳ ಸಂಖ್ಯೆ ಗೊತ್ತಿದ್ದರೆ ಕರ್ಣಗಳ ಸಂಖ್ಯೆಯನ್ನು ಕಂಡುಹಿಡಿಯುವ ದಾರಿ ಯಾವುದು? ಅದನ್ನು ತಮ್ಮ ಓರಗೆಯ ಮಕ್ಕಳಿಗೆ ತಿಳಿಯುವಂತೆ ಬರೆದು ಕೊಡಬೇಕು. ಇಂಥ ಉತ್ತರಗಳಲ್ಲಿ ಬಲಾಶೆಫ್ ನಾಲ್ಕು ಮಟ್ಟ ಗುರುತಿಸಿದರು. ಐದು ಶೃಂಗಕ್ಕೆ ಐದು ಕರ್ಣ, ಅಂದರೆ ಎರಡೂ ಸಮ ಎಂದು ಒಂದೆರಡು ಚಿತ್ರ ನೋಡಿ ತೀರ್ಮಾನಿಸುವುದು ಕೆಳಗಿನ ಮಟ್ಟ. ಮುಂದಿನದರಲ್ಲಿ ಮಗು ಬೇಕೆಂದೇ ಹದಿನೈದು ಶೃಂಗಗಳ ದೊಡ್ಡ ಆಕೃತಿ ಬರೆದು ತನ್ನ ಊಹೆಯನ್ನು ಪರೀಕ್ಷೆಗೆ ಒಡ್ಡುತ್ತದೆ. ಇಲ್ಲಿ ಸರಿಬಂದರೆ ಎಲ್ಲೆಡೆ ಸರಿ ಎಂಬ ಲೆಕ್ಕಾಚಾರ. ಇದೂ ಸಾಧನೆಯಲ್ಲ, ಆದರೆ ಊಹೆ ಸುಳ್ಳಾಗಬಹುದೆಂಬ ಎಚ್ಚರ ಹುಟ್ಟಿದೆ.

ಮೂರನೆಯ ಮಟ್ಟದಲ್ಲಿ ಮಾತಿನ ಧಾಟಿಯೇ ಬದಲಾಗುತ್ತದೆ. ‘ಏಳು ಶೃಂಗದ ಆಕೃತಿ ಇದೆ ಅನ್ನೋಣ. ಒಂದು ಶೃಂಗದಿಂದ ತನಗೆ ತಾನೇ ಗೆರೆ ಎಳೆಯೋಕಾಗಲ್ಲ, ಅಕ್ಕಪಕ್ಕದ ಎರಡಕ್ಕೆ ಎಳೆದರೆ ಅದು ಬಾಹು. ಉಳಿದದ್ದು ನಾಲ್ಕು. ಏಳು ನಾಲ್ಕಲೆ ಇಪ್ಪತ್ತೆಂಟು. ಪ್ರತಿ ಕರ್ಣವನ್ನೂ ಎರಡೂ ತುದಿಯಿಂದ ಎಣಿಸಿದ್ದೇವೆ, ಅದಕ್ಕೆ ಅರ್ಧ, ಹದಿನಾಲ್ಕು.’ ಸಂಖ್ಯೆ ಏಳೇ ಆದರೂ ಆ ಹೊತ್ತಿಗೆ ಏಳಕ್ಕೆ ವಿಶೇಷವೇನೂ ಇಲ್ಲ. ಎಪ್ಪತ್ತಕ್ಕೂ ಇದೇ ಮಾತು ನಡೆಯುತ್ತದೆ. ಒಂದರಲ್ಲಿ ಎಲ್ಲವನ್ನೂ ಕಾಣುವ ಈ ಮಾದರಿ ಉದಾಹರಣೆ ಶಾಲೆಯ ಗಣಿತಕ್ಕೆ ಸಿಕ್ಕಿರುವ ದೊಡ್ಡ ಆಸ್ತಿ. ಅದನ್ನು ‘ಸೂತ್ರ ಬರೆದಿಲ್ಲ’ ಎಂದು ಕೆಂಪು ಶಾಯಿಯಲ್ಲಿ ಹೊಡೆದುಹಾಕುವುದು ಅನ್ಯಾಯ. ನಾಲ್ಕನೆಯ ಮಟ್ಟದಲ್ಲಿ ಏಳೂ ಬಿದ್ದುಹೋಗಿ, ಎಷ್ಟೇ ಶೃಂಗಗಳಿರಲಿ, ಪ್ರತಿಯೊಂದರಿಂದಲೂ ಶೃಂಗಗಳ ಸಂಖ್ಯೆಗಿಂತ ಮೂರು ಕಡಿಮೆ ಕರ್ಣಗಳು ಎಂಬ ಸಾಮಾನ್ಯ ಮಾತು ಬರುತ್ತದೆ.

ಸಾಧನೆ ಕೈಗೆ ಸಿಕ್ಕ ಮೇಲೂ ಉದಾಹರಣೆಯ ಮೋಹ ಬಿಡುವುದಿಲ್ಲ ಎಂಬುದನ್ನು ಇಸ್ರೇಲಿನ ಎಫ್ರೈಮ್ ಫಿಶ್‌ಬೈನ್ 1982ರಲ್ಲಿ ತೋರಿಸಿದರು. ಸಂಖ್ಯೆಯ ಘನದಿಂದ ಅದೇ ಸಂಖ್ಯೆಯನ್ನು ಕಳೆದರೆ ಉಳಿಯುವುದು 6ರಿಂದ ಭಾಗವಾಗುತ್ತದೆ. ಅದು ಮೂರು ಕ್ರಮಾಗತ ಸಂಖ್ಯೆಗಳ ಗುಣಲಬ್ಧ. ಅವುಗಳಲ್ಲಿ ಒಂದಾದರೂ ಸಮ, ಒಂದು ಮೂರರ ಅಪವರ್ತ್ಯ. ಈ ಸಾಧನೆ ಸರಿಯಾಗಿದೆ ಎಂದು ಒಪ್ಪಿದ ಪ್ರೌಢಶಾಲಾ ವಿದ್ಯಾರ್ಥಿಗಳಲ್ಲೇ ಬಹಳ ಮಂದಿ, ಇನ್ನೂ ಕೆಲವು ಸಂಖ್ಯೆ ಹಾಕಿ ನೋಡಿದರೆ ಖಾತ್ರಿ ಹೆಚ್ಚುತ್ತದೆ ಎಂದರು. ವ್ಯವಹಾರದಲ್ಲಿ ಇದು ಜಾಣತನವೇ. ದಿನನಿತ್ಯದ ವಾದದಲ್ಲಿ ಸಾಕ್ಷಿ ಹೆಚ್ಚಿದಷ್ಟೂ ಬಲ ಹೆಚ್ಚು. ಸಾಧನೆಗೆ ಮಾತ್ರ ಹೆಚ್ಚುವರಿ ಸಾಕ್ಷಿ ಬೇಕಿಲ್ಲ.

ವಾದದ ಅಂಗಾಂಗಗಳನ್ನು ಬಿಡಿಸಿ ನೋಡಲು ಸಂಶೋಧಕರು ಹೆಚ್ಚಾಗಿ ಬಳಸುವುದು ಬ್ರಿಟಿಷ್ ತತ್ವಜ್ಞಾನಿ ಸ್ಟೀಫನ್ ಟೂಲ್ಮಿನ್ 1958ರಲ್ಲಿ ಕೊಟ್ಟ ಚೌಕಟ್ಟನ್ನು. ಹೇಳಬೇಕಾದ ಮಾತು, ಅದಕ್ಕೆ ಕೊಡುವ ಆಧಾರ, ಆ ಆಧಾರದಿಂದ ಮಾತಿಗೆ ದಾಟಿಸುವ ನಿಯಮ, ಇವು ಮೂರು ಅದರ ತಿರುಳು. ನಿಯಮಕ್ಕೊಂದು ಬೆಂಬಲ, ‘ಬಹುಶಃ’ ‘ಖಂಡಿತ’ ಎಂಬಂಥ ತೂಕದ ಮಾತು, ಎಲ್ಲಿ ನಿಯಮ ನಡೆಯದೆಂಬ ಅಪವಾದ, ಇವು ಉಳಿದವು. ನ್ಯಾಯಶಾಸ್ತ್ರದ ಬೆಟ್ಟದ ಹೊಗೆ ಗೊತ್ತಿರುವ ಓದುಗರಿಗೆ ಇದು ಪರಕೀಯವೆನಿಸದು. ಬೆಟ್ಟದಲ್ಲಿ ಬೆಂಕಿಯಿದೆ ಎಂಬ ಪ್ರತಿಜ್ಞೆ, ಹೊಗೆಯಿದೆ ಎಂಬ ಹೇತು, ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ, ಅಡುಗೆಮನೆಯಲ್ಲಿರುವಂತೆ ಎಂಬ ಉದಾಹರಣೆ ಅಲ್ಲಿಯೂ ಇವೆ. ಗಣಿತದ ತರಗತಿಯ ಮಾತುಕತೆಗೆ ಟೂಲ್ಮಿನ್ ಚೌಕಟ್ಟನ್ನು 1990ರ ದಶಕದಲ್ಲಿ ಒಗ್ಗಿಸಿದವರಲ್ಲಿ ಜರ್ಮನಿಯ ಗೋಟ್ಸ್ ಕ್ರುಮ್‌ಹಾಯರ್ ಮೊದಲಿಗರು. ಮಕ್ಕಳ ಮಾತಿನಲ್ಲಿ ದಾಟಿಸುವ ನಿಯಮ ಬಾಯಿಬಿಟ್ಟು ಹೇಳದೆ ಉಳಿಯುವುದೇ ಹೆಚ್ಚು. ‘ಅದು ಯಾಕೆ?’ ಎಂದು ಶಿಕ್ಷಕರು ಕೇಳುವ ಪ್ರಶ್ನೆ ನಿಜವಾಗಿ ಆ ನಿಯಮವನ್ನು ಹೊರಗೆಳೆಯುವ ಪ್ರಯತ್ನ.

ಫ್ರಾನ್ಸಿನ ರೇಮಂ ಡ್ಯುವಾಲ್ 1991ರ ಸುಮಾರಿಗೆ ಕಟುವಾದ ನಿಲುವು ತಾಳಿದರು. ವಾದವೂ ನಿಗಮನವೂ ಒಂದೇ ಭಾಷೆಯಲ್ಲಿ, ‘ಆದ್ದರಿಂದ’ ‘ಏಕೆಂದರೆ’ ಎಂಬ ಅವೇ ಪದಗಳಲ್ಲಿ ನಡೆಯುತ್ತವೆ, ಆದರೆ ಒಳಗಿನ ಯಂತ್ರ ಬೇರೆ ಎಂಬುದು ಅವರ ವಾದ. ವಾದದಲ್ಲಿ ಮಾತುಗಳು ಅರ್ಥದ ಮೂಲಕ ಒಂದಕ್ಕೊಂದು ಬೆಸೆಯುತ್ತವೆ, ಒಂದರ ಮೇಲೊಂದು ಪೇರುತ್ತ ಬಲ ಕೂಡಿಸುತ್ತವೆ. ನಿಗಮನದಲ್ಲಿ ಮಾತಿನ ಅರ್ಥಕ್ಕಿಂತ ಅದರ ಸ್ಥಾನ ಮುಖ್ಯ: ಅದು ದತ್ತವೋ, ವ್ಯಾಖ್ಯೆಯೋ, ಮೊದಲೇ ಸಾಧಿಸಿದ ಪ್ರಮೇಯವೋ, ಈಗ ಪಡೆದ ಫಲಿತವೋ? ಈ ಹೆಜ್ಜೆಯ ಫಲಿತವೇ ಮುಂದಿನ ಹೆಜ್ಜೆಯ ದತ್ತವಾಗುತ್ತದೆ.

ಡ್ಯುವಾಲ್ ಹೇಳುವುದು ಎಷ್ಟು ನಿಜ ಎನ್ನುವುದಕ್ಕೆ ಪ್ರಮೇಯ ಮತ್ತು ಅದರ ವಿಲೋಮದ ಗೊಂದಲವನ್ನು ನೋಡಿದರೆ ಸಾಕು. ಸಮಾಂತರ ಚತುರ್ಭುಜದ ಕರ್ಣಗಳು ಪರಸ್ಪರ ಅರ್ಧಿಸುತ್ತವೆ ಎಂಬುದು ಒಂದು ಪ್ರಮೇಯ. ಕರ್ಣಗಳು ಪರಸ್ಪರ ಅರ್ಧಿಸಿದರೆ ಅದು ಸಮಾಂತರ ಚತುರ್ಭುಜ ಎಂಬುದು ಇನ್ನೊಂದು. ವಿದ್ಯಾರ್ಥಿಯ ಕಣ್ಣಿಗೆ ಎರಡೂ ಒಂದೇ ಚಿತ್ರ, ಒಂದೇ ಸಂಗತಿ. ಮಾತಿನ ವಾದದಲ್ಲಿ ಯಾವುದನ್ನು ಬಳಸಿದರೂ ಎದುರಿನವರು ತಲೆಯಾಡಿಸುತ್ತಾರೆ. ಸಾಧನೆಯಲ್ಲಿ ಒಂದರ ಬದಲು ಇನ್ನೊಂದನ್ನು ಬರೆದರೆ ಉತ್ತರವೇ ಕುಸಿಯುತ್ತದೆ, ಏಕೆ ಕುಸಿಯಿತೆಂದು ವಿದ್ಯಾರ್ಥಿಗೆ ಹೊಳೆಯುವುದೂ ಇಲ್ಲ. ಹೀಗಾಗಿ ವಾದ ಮಾಡುವುದನ್ನು ಕಲಿತ ಮಾತ್ರಕ್ಕೆ ಸಾಧನೆ ಬಾರದು, ಅದನ್ನು ಬೇರೆಯಾಗಿ, ಹೇಳಿಕೆಗಳನ್ನು ಬಾಣಗಳಿಂದ ಜೋಡಿಸುವ ನಕ್ಷೆಗಳ ಮೂಲಕ ಕಲಿಸಬೇಕು ಎಂದರು ಡ್ಯುವಾಲ್.

ಇದಕ್ಕೆ ಎದುರು ನಿಂತವರು ಇಟಲಿಯ ಜೆನೋವಾದ ಪಾವೊಲೊ ಬೊಎರೊ ಮತ್ತು ಸಂಗಡಿಗರು. ಅವರು ಎಂಟನೆಯ ತರಗತಿಯ ಮಕ್ಕಳ ಮುಂದಿಟ್ಟದ್ದು ನೆರಳಿನ ಸಮಸ್ಯೆ. ಸಮತಟ್ಟಾದ ನೆಲದಲ್ಲಿ ನೆಟ್ಟಗೆ ನಿಲ್ಲಿಸಿದ ಎರಡು ಕೋಲುಗಳ ನೆರಳು ಯಾವಾಗಲೂ ಸಮಾಂತರ. ಒಂದು ಕೋಲು ನೆಟ್ಟಗಿದ್ದು ಇನ್ನೊಂದು ಓರೆಯಾಗಿದ್ದರೆ ನೆರಳುಗಳು ಸಮಾಂತರವಾಗಬಲ್ಲವೇ? ಆಗುವುದಾದರೆ ಯಾವಾಗ? ಮಕ್ಕಳು ಪೆನ್ಸಿಲ್ಲನ್ನು ವಾಲಿಸಿ ನೋಡಿದರು, ಸೂರ್ಯ ಸರಿದಂತೆ ಊಹಿಸಿಕೊಂಡರು, ತಾವೇ ಸುತ್ತ ನಡೆದು ನೋಡಿದರು. ನೆಟ್ಟಗಿನ ಕೋಲೂ ಅದರ ಮೇಲೆ ಬೀಳುವ ಬಿಸಿಲ ಕಿರಣಗಳೂ ಸೇರಿ ಒಂದು ಲಂಬ ಸಮತಲವಾಗುತ್ತದೆ. ಓರೆ ಕೋಲು ಅದಕ್ಕೆ ಸಮಾಂತರವಾದ ಸಮತಲದೊಳಗೇ ವಾಲಿದ್ದರೆ ನೆರಳುಗಳು ಸಮಾಂತರ ಎಂಬ ಊಹೆಗೆ ಹೀಗೆ ಬಂದರು. ಆಮೇಲೆ ಸಾಧನೆ ಬರೆಯಲು ಕೂತಾಗ, ಹುಡುಕಾಟದಲ್ಲಿ ಆಡಿದ ಮಾತುಗಳನ್ನೇ ಆಯ್ದು ಕ್ರಮವಾಗಿ ಜೋಡಿಸಿದರು. ಊಹೆ ಕಟ್ಟುವ ವಾದಕ್ಕೂ ಸಾಧನೆಗೂ ಇರುವ ಈ ಹರಿವನ್ನು ಬೊಎರೊ ಗುಂಪು 1996ರಲ್ಲಿ ಜ್ಞಾನದ ಐಕ್ಯ ಎಂದು ಕರೆಯಿತು. ಸಾಧಿಸಬೇಕಾದ ಹೇಳಿಕೆಯನ್ನು ಸಿದ್ಧಪಡಿಸಿ ಕೈಗಿತ್ತರೆ ಈ ಹರಿವೇ ತುಂಡಾಗುತ್ತದೆ ಎಂಬುದು ಅದರ ಹಿಂದಿನ ಎಚ್ಚರಿಕೆ.

ಯಾರು ಸರಿ? ಇಬ್ಬರೂ ಒಂದೇ ವಸ್ತುವಿನ ಎರಡು ಪಕ್ಕಗಳನ್ನು ಕಂಡವರು ಎನ್ನುವುದು ಇಟಲಿಯ ಬೆಟ್ಟೀನಾ ಪೆಡೆಮೊಂಟೆಯವರ ಕೆಲಸ ನೋಡಿದರೆ ಸ್ಪಷ್ಟವಾಗುತ್ತದೆ. ಟೂಲ್ಮಿನ್ ಚೌಕಟ್ಟನ್ನೇ ಹಿಡಿದು, 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅವರು ಎರಡು ಸಂಗತಿಗಳನ್ನು ಬೇರ್ಪಡಿಸಿದರು. ವಾದದ ಸಾಮಗ್ರಿ ಸಾಧನೆಗೆ ಸಾಗುತ್ತದೆ, ಸರಿ. ಆದರೆ ವಾದದ ದಿಕ್ಕು?

ಒಂಬತ್ತನೆಯ ತರಗತಿಯ ಅಭ್ಯಾಸದಲ್ಲಿ ಬರುವ ಪರಿಚಿತ ಲೆಕ್ಕದಲ್ಲಿ ಇದನ್ನು ಕಾಣಬಹುದು. ಅಬಕಡ ಎಂಬ ಯಾವುದೇ ಚತುರ್ಭುಜದ ನಾಲ್ಕೂ ಬಾಹುಗಳ ಮಧ್ಯಬಿಂದುಗಳನ್ನು ಸೇರಿಸಿದರೆ ಒಳಗೆ ಮೂಡುವುದು ಸಮಾಂತರ ಚತುರ್ಭುಜ. ಫ್ರಾನ್ಸಿನ ವಾರಿನ್ಯೋಂ ಹೆಸರಿನ ಪ್ರಮೇಯವಿದು. ಸೊಟ್ಟಪಟ್ಟ ಚತುರ್ಭುಜ ಬರೆದು ನೋಡಿದಾಗಲೂ ಹೀಗೇ ಆಗುವುದು ಕಂಡು ಅಚ್ಚರಿಪಟ್ಟ ವಿದ್ಯಾರ್ಥಿನಿಯ ಯೋಚನೆ ಹಿಮ್ಮುಖವಾಗಿ ಓಡುತ್ತದೆ: ಒಳಗಿನದು ಸಮಾಂತರ ಚತುರ್ಭುಜ ಆಗಬೇಕಾದರೆ ಎದುರು ಬಾಹುಗಳು ಸಮಾಂತರವಾಗಿರಬೇಕು, ಎರಡೂ ಮೂರನೆಯ ಯಾವುದೋ ಗೆರೆಗೆ ಸಮಾಂತರವಾಗಿದ್ದರೆ ಹಾಗಾಗುತ್ತದೆ, ಮಧ್ಯಬಿಂದುಗಳಿವೆ, ಅಂದರೆ ಮಧ್ಯಬಿಂದು ಪ್ರಮೇಯ ಬರಬೇಕು, ಅದಕ್ಕೆ ತ್ರಿಭುಜ ಬೇಕು, ಹಾಗಾದರೆ ಅಕ ಕರ್ಣ ಎಳೆದರೆ? ಇದು ಫಲದಿಂದ ಕಾರಣವನ್ನು ಊಹಿಸುವ ತರ್ಕ. ಪ್ರತಿ ಹೆಜ್ಜೆಯಲ್ಲೂ ‘ಇರಬಹುದು’ ಇದೆ. ಸಾಧನೆ ಬರೆಯುವಾಗ ಎಲ್ಲವೂ ತಿರುವುಮುರುವು: ಮೊದಲು ಅಕ ಕರ್ಣ ಎಳೆಯಿರಿ, ಅಬಕ ತ್ರಿಭುಜದಲ್ಲಿ ಮಧ್ಯಬಿಂದುಗಳನ್ನು ಸೇರಿಸುವ ಗೆರೆ ಅಕಗೆ ಸಮಾಂತರ ಮತ್ತು ಅದರ ಅರ್ಧ, ಅಡಕ ತ್ರಿಭುಜದಲ್ಲೂ ಹಾಗೆಯೇ, ಆದ್ದರಿಂದ ಎದುರಿನ ಒಂದು ಜೊತೆ ಬಾಹುಗಳು ಸಮಾಂತರ ಹಾಗೂ ಸಮ, ಆದ್ದರಿಂದ ಅದು ಸಮಾಂತರ ಚತುರ್ಭುಜ. ಕೊನೆಗೆ ಹೊಳೆದದ್ದು ಮೊದಲ ಸಾಲಾಯಿತು, ಮೊದಲು ಕಂಡದ್ದು ಕೊನೆಯ ಸಾಲಾಯಿತು. ಈ ತಿರುವಿನಲ್ಲೇ ಅನೇಕರು ಎಡವುತ್ತಾರೆ ಎಂಬುದು ಪೆಡೆಮೊಂಟೆ ಕಂಡುಕೊಂಡದ್ದು. ಹೇಗೆ ಹೊಳೆಯಿತೋ ಹಾಗೆಯೇ ಬರೆದು, ಸಾಧಿಸಬೇಕಾದದ್ದನ್ನೇ ಆಧಾರವಾಗಿ ಬಳಸಿಬಿಡುತ್ತಾರೆ. ಶಾಲೆಯಲ್ಲಿ ಕೈಹಿಡಿದು ಕಲಿಸಬೇಕಾದದ್ದು ಈ ತಿರುವನ್ನು. ಪಠ್ಯಪುಸ್ತಕ ತಿರುಗಿಸಿ ಮುಗಿಸಿದ್ದನ್ನಷ್ಟೇ ಕೊಡುತ್ತದೆ, ತಿರುಗಿಸುವುದನ್ನು ತೋರಿಸುವುದಿಲ್ಲ. ಬೀಜಗಣಿತದಲ್ಲಿ ಈ ತೊಂದರೆ ಅಷ್ಟಿಲ್ಲ ಎಂದೂ ಅವರು ಮುಂದೆ ಗಮನಿಸಿದರು. ಸಮೀಕರಣದ ಸಾಲುಗಳೇ ನಿಗಮನದ ಹಳಿಯ ಮೇಲೆ ಸಾಗುತ್ತವೆ.

ಗಣಿತದ ಇತಿಹಾಸದಲ್ಲೂ ವಾದ ಮತ್ತು ಸಾಧನೆ ಹೀಗೆ ಹೆಣೆದುಕೊಂಡೇ ಬಂದಿವೆ. ಘನಾಕೃತಿಯ ಶೃಂಗಗಳಿಂದ ಅಂಚುಗಳನ್ನು ಕಳೆದು ಮುಖಗಳನ್ನು ಕೂಡಿಸಿದರೆ 2 ಬರುತ್ತದೆ ಎಂಬ ಯೂಲರನ ಸೂತ್ರವನ್ನು ಹಿಡಿದು ಇಮ್ರೆ ಲಕಾಟೋಶ್ ಬರೆದ ‘ಪ್ರೂಫ್ಸ್ ಅಂಡ್ ರೆಫ್ಯುಟೇಷನ್ಸ್’ ಒಂದು ಕಲ್ಪಿತ ತರಗತಿಯ ವಾಗ್ವಾದದ ರೂಪದಲ್ಲಿದೆ. ಪುಸ್ತಕವಾಗಿ ಬಂದದ್ದು 1976ರಲ್ಲಿ. ಒಳಗೆ ಚಿಕ್ಕ ಘನವೊಂದರ ಟೊಳ್ಳಿರುವ ಘನವನ್ನು ಎಣಿಸಿದರೆ ಶೃಂಗ 16, ಅಂಚು 24, ಮುಖ 12, ಉತ್ತರ 4. ಸೂತ್ರ ತಪ್ಪೇ, ಅಥವಾ ಇಂಥದ್ದನ್ನು ಘನಾಕೃತಿ ಎನ್ನಬಾರದೇ? ವಾದ ವ್ಯಾಖ್ಯೆಯ ಬುಡಕ್ಕೇ ಹೋಗುತ್ತದೆ. ಇನ್ನು, ನಕ್ಷೆಗೆ ಬಣ್ಣ ತುಂಬಲು ನಾಲ್ಕು ಬಣ್ಣ ಸಾಕೆಂದು ಆಲ್‌ಫ್ರೆಡ್ ಕೆಂಪ್ 1879ರಲ್ಲಿ ಕೊಟ್ಟ ಸಾಧನೆಯನ್ನು ಹನ್ನೊಂದು ವರ್ಷ ಎಲ್ಲರೂ ಒಪ್ಪಿದ್ದರು. 1890ರಲ್ಲಿ ಪರ್ಸಿ ಹೀವುಡ್ ಅದರಲ್ಲಿ ಬಿರುಕು ತೋರಿಸಿದ. ಸಾಧನೆಯನ್ನು ಸಾಧನೆ ಎಂದು ಸ್ವೀಕರಿಸುವುದೂ ಮನುಷ್ಯರ ಸಭೆಯೇ.

ಸಭೆಯ ಈ ಮಾತು ಭಾರತದ ಗಣಿತಕ್ಕೆ ಹೊಸದಲ್ಲ. ಎರಡನೆಯ ಭಾಸ್ಕರಾಚಾರ್ಯ 1150ರ ‘ಸಿದ್ಧಾಂತ ಶಿರೋಮಣಿ’ಯಲ್ಲಿ, ಉಪಪತ್ತಿಯಿಲ್ಲದ ಗಣಕನಿಗೆ ಪ್ರೌಢರ ಸಭೆಯಲ್ಲಿ ಮನ್ನಣೆಯಿಲ್ಲ, ಅವನ ಸಂಶಯವೂ ತೀರುವುದಿಲ್ಲ ಎಂಬ ಅರ್ಥದ ಮಾತು ಹೇಳುತ್ತಾನೆ. ಪರರನ್ನು ಒಪ್ಪಿಸುವುದು, ತನ್ನ ಅನುಮಾನ ಕಳೆದುಕೊಳ್ಳುವುದು: ಹರೆಲ್ ಮತ್ತು ಸೌಡರ್ ಸಾಧನೆಯ ಎರಡು ಮುಖಗಳೆಂದು ಗುರುತಿಸಿದ್ದೂ ಇವನ್ನೇ. ‘ಲೀಲಾವತಿ’ಯ ಸೂತ್ರಗಳಿಗೆ ಗಣೇಶ ದೈವಜ್ಞ 1545ರ ‘ಬುದ್ಧಿವಿಲಾಸಿನಿ’ಯಲ್ಲಿ ಉಪಪತ್ತಿಗಳನ್ನು ಕೊಟ್ಟ. ಕೇರಳದ ಜ್ಯೇಷ್ಠದೇವನ ‘ಯುಕ್ತಿಭಾಷಾ’ ಅದೇ ಶತಮಾನದಲ್ಲಿ ಮಲಯಾಳದ ಗದ್ಯದಲ್ಲೇ ಯುಕ್ತಿಗಳನ್ನು ಬಿಡಿಸಿಟ್ಟಿತು. ಯೂಕ್ಲಿಡ್‌ನಂತೆ ಸ್ವಯಂಸಿದ್ಧಗಳಿಂದ ಮೇಲೆ ಕಟ್ಟುತ್ತ ಹೋಗುವ ಪದ್ಧತಿ ಇವುಗಳಲ್ಲಿಲ್ಲ. ಕಾರಣ ತೋರಿಸಿ ಮನಗಾಣಿಸುವುದೇ ಇವುಗಳ ಗುರಿ.

ಈಗ ಜಿಯೋಜೀಬ್ರಾದಂಥ ತಂತ್ರಾಂಶದಲ್ಲಿ ಚತುರ್ಭುಜದ ಮೂಲೆಯನ್ನು ಬೆರಳಿನಿಂದ ಎಳೆದಾಡಿದರೆ ಒಳಗಿನ ಸಮಾಂತರ ಚತುರ್ಭುಜ ಹಾಗೇ ಉಳಿಯುವುದು ಕಣ್ಣೆದುರೇ ಕಾಣುತ್ತದೆ. ಅಷ್ಟು ನೋಡಿದ ಮೇಲೆ ಸಂಶಯವೇ ಇಲ್ಲದ ವಿದ್ಯಾರ್ಥಿಗೆ ಸಾಧನೆ ಯಾತಕ್ಕೆ? ದಕ್ಷಿಣ ಆಫ್ರಿಕದ ಮೈಕೆಲ್ ಡಿ ವಿಲಿಯರ್ಸ್ 1990ರಲ್ಲೇ ಇದಕ್ಕೆ ಉತ್ತರಿಸಿದ್ದರು: ಖಚಿತಪಡಿಸುವುದು ಸಾಧನೆಯ ಹಲವು ಕೆಲಸಗಳಲ್ಲಿ ಒಂದು ಮಾತ್ರ, ವಿವರಿಸುವುದು, ಹೊಸದನ್ನು ಕಾಣಿಸುವುದು, ತಿಳಿದದ್ದನ್ನು ಕ್ರಮಕ್ಕೆ ತರುವುದು, ಹಂಚಿಕೊಳ್ಳುವುದು ಉಳಿದವು. ‘ನಿಜವೇ?’ ಎಂಬುದು ತೆರೆಯ ಮೇಲೆ ಬಗೆಹರಿದಾಗ ‘ಏಕೆ?’ ಎಂಬುದು ಮುಂದೆ ಬರುತ್ತದೆ. ಅಕ ಕರ್ಣವನ್ನು ಎಳೆದ ಮೇಲೆ ಹೊರಗಿನ ಚತುರ್ಭುಜದ ಎರಡೂ ಕರ್ಣಗಳು ಸಮವಾಗಿದ್ದರೆ ಒಳಗಿನದು ವಜ್ರಾಕೃತಿ ಎಂಬ ಹೊಸ ಫಲಿತವೂ ಪುಕ್ಕಟೆ ಸಿಗುತ್ತದೆ. ಎಳೆದಾಟವೊಂದರಿಂದ ಅದು ಅಷ್ಟು ಸುಲಭವಾಗಿ ಕಾಣುವಂಥದ್ದಲ್ಲ.

ಎನ್‌ಸಿಇಆರ್‌ಟಿ 2006ರಲ್ಲಿ ತಂದ ಒಂಬತ್ತನೆಯ ತರಗತಿಯ ಪುಸ್ತಕದಲ್ಲಿ ಗಣಿತದ ಸಾಧನೆಗಳನ್ನು ಕುರಿತೇ ಒಂದು ಅನುಬಂಧವಿತ್ತು. ಊಹೆ ಎಂದರೇನು, ವಿರುದ್ಧ ಉದಾಹರಣೆ ಎಂದರೇನು ಎಂಬುದನ್ನೆಲ್ಲ ಅಲ್ಲಿ ಚೆನ್ನಾಗಿ ಹೇಳಿತ್ತು. ಆದರೆ ಆ ಅನುಬಂಧ ಪರೀಕ್ಷೆಗಿರಲಿಲ್ಲ, ಪರೀಕ್ಷೆಗಿಲ್ಲದ್ದು ತರಗತಿಗೂ ಬಾರದು. ಪ್ರಶ್ನೆಪತ್ರಿಕೆಯಲ್ಲಿ ‘ಸಮಾಂತರ ಚತುರ್ಭುಜ ಎಂದು ಸಾಧಿಸಿ’ ಎಂದಿದ್ದರೆ ಹುಡುಕುವ ಕೆಲಸವನ್ನು ಪ್ರಶ್ನೆಯೇ ಮಾಡಿ ಮುಗಿಸಿರುತ್ತದೆ. ‘ಮಧ್ಯಬಿಂದುಗಳನ್ನು ಸೇರಿಸಿದರೆ ಯಾವ ಆಕೃತಿ ಬರುತ್ತದೆ? ನಿಮ್ಮ ಊಹೆಗೆ ಕಾರಣ ಕೊಟ್ಟು ಸಾಧಿಸಿ’ ಎಂದರೆ ವಾದಕ್ಕೂ ಸಾಧನೆಗೂ ಜಾಗ ಸಿಗುತ್ತದೆ, ಅದರೊಂದಿಗೆ ಮೌಲ್ಯಮಾಪಕರ ಕಷ್ಟವೂ ಶುರುವಾಗುತ್ತದೆ. ಮಾದರಿ ಉತ್ತರದಲ್ಲಿ ಚಿತ್ರಕ್ಕೆ ಅರ್ಧ, ದತ್ತಕ್ಕೆ ಅರ್ಧ ಎಂದು ಅಂಕ ಹಂಚಿಟ್ಟ ಕಡೆ, ಸರಿಯಾದ ಊಹೆಗೆ ಅರ್ಧಂಬರ್ಧ ಕಾರಣ ಕೊಟ್ಟ ಉತ್ತರಕ್ಕೆ ಎಷ್ಟು ಕೊಡಬೇಕೆಂದು ಬರೆದಿರುವುದಿಲ್ಲ.